ಎರಡು ವರ್ಷ ಬಳಸಿದ ಮೇಲೆ: ಕೆಮಿಸ್ಟ್ರಿಯ ಚೆಂಡು-ಕಡ್ಡಿ ಕಿಟ್

ಮೊದಲೇ ಹೇಳಿಬಿಡುತ್ತೇನೆ, ಚೆಂಡನ್ನು ಪರಮಾಣು, ಕಡ್ಡಿಯನ್ನು ಬಾಂಡ್ ಅಂತ ಇಟ್ಟುಕೊಂಡು ಅಣುಗಳ ಮಾದರಿ ಕಟ್ಟುವ ಈ ಕಿಟ್ ಇಲ್ಲದಿದ್ದರೂ ಪಿಯುಸಿ ಕೆಮಿಸ್ಟ್ರಿ ಪಾಸಾಗಬಹುದು. ಒಳ್ಳೆ ಮಾರ್ಕೂ ತೆಗೆಯಬಹುದು. ನನ್ನ ಕ್ಲಾಸಿನ ಹೆಚ್ಚಿನವರು ಹಾಗೇ ತೆಗೆದರು. ಆದರೂ ಯಾರಾದರೂ ಕೇಳಿದರೆ ನಾನು ತಗೊಳ್ಳಿ ಅಂತಲೇ ಹೇಳುವುದು, ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸಿಟ್ಟು ಬಂದ ಕಡೆಗಳನ್ನೂ ಬಿಟ್ಟಿಲ್ಲ.

ಫಸ್ಟ್ ಪಿಯುಸಿಗೆ ಸೇರಿದ ಜೂನ್‌ನಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಿಂದ 450 ರೂಪಾಯಿ ಕೊಟ್ಟು ತಂದದ್ದು. ಅಪ್ಪ ಅಂಗಡಿಯವರ ಎದುರೇ "ಇದು ಆಟದ ಸಾಮಾನಲ್ವಾ?" ಅಂದಿದ್ದರು. ಡಬ್ಬಿಯಲ್ಲಿ ಕಪ್ಪು ಚೆಂಡು 12, ಅದು ಕಾರ್ಬನ್. ಬಿಳಿ 20, ಹೈಡ್ರೋಜನ್. ಕೆಂಪು ಆಕ್ಸಿಜನ್ 6, ನೀಲಿ ನೈಟ್ರೋಜನ್ 3, ಹಸಿರು ಕ್ಲೋರಿನ್ 4. ಗಟ್ಟಿ ಕಡ್ಡಿ 30, ಬಗ್ಗುವ ಕಡ್ಡಿ 10, ಒಂದು ಡಬಲ್ ಬಾಂಡ್‌ಗೆ ಇವು ಎರಡು ಬೇಕು. ಕಪ್ಪು ಚೆಂಡಿಗೆ ನಾಲ್ಕು ತೂತು, ತೂತುಗಳ ನಡುವಿನ ಕೋನ 109.5 ಡಿಗ್ರಿ. ಬೋರ್ಡಿನಲ್ಲಿ ಪ್ಲಸ್ ಚಿಹ್ನೆಯ ಹಾಗೆ ಬರೆಯುವ ಮೀಥೇನ್ ನಿಜಕ್ಕೂ ಹೇಗೆ ಕೂತಿರುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು ರಾತ್ರಿ, ಅದನ್ನು ಮೇಜಿನ ಮೇಲೆ ಇಟ್ಟಾಗ. ಯಾವ ಕಡೆ ಮಗುಚಿದರೂ ಮೂರು ಕಾಲಿನ ಮೇಲೆ ನಿಲ್ಲುತ್ತದೆ, ಒಂದು ಮೇಲೆ.

ನಮ್ಮ ಕಡೆ ಮಾರ್ಕಿನ ಬಿಸಿ ಸ್ವಲ್ಪ ಜಾಸ್ತಿ, ಗೊತ್ತಲ್ಲ. ಸೆಕೆಂಡ್ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೇದು. 2025ರಲ್ಲಿ ಉಡುಪಿ ಮೊದಲು, 93.90 ಶೇಕಡಾ. ಹಾಗಾಗಿ ನೆಂಟರು ಪಾಸಾ ಅಂತ ಕೇಳುವುದೇ ಇಲ್ಲ, ಎಷ್ಟು ಅಂತಲೇ ಕೇಳುವುದು. ಇಂಥ ಊರಿನಲ್ಲಿ ರಾತ್ರಿ ಒಂಬತ್ತಕ್ಕೆ ಚೆಂಡಿಗೆ ಕಡ್ಡಿ ಚುಚ್ಚುತ್ತಾ ಕೂತರೆ ಮನೆಯವರಿಗೆ ಗಾಬರಿ ಆಗುವುದು ಸಹಜ.

ಈ ಕಿಟ್ ಕೊಟ್ಟ ಕಾಸಿಗೆ ಮೋಸ ಮಾಡದ ಜಾಗ ಅಂದರೆ ಐಸೋಮರ್‌ಗಳು, ಅಂದರೆ ಅದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ನಾಲ್ಕು ಕಾರ್ಬನ್ನಿನ ಆಲ್ಕೋಹಾಲ್ ಬ್ಯೂಟನ್-2-ಆಲ್ ತಗೊಳ್ಳಿ. ಒಂದನ್ನು ಮಾಡಿ, ಕನ್ನಡಿಯ ಎದುರು ಹಿಡಿದು, ಕನ್ನಡಿಯಲ್ಲಿ ಕಂಡ ಹಾಗೆ ಇನ್ನೊಂದನ್ನು ಮಾಡಿ. ಆಮೇಲೆ ಒಂದರ ಮೇಲೆ ಒಂದನ್ನು ಕೂರಿಸಲು ನೋಡಿ. ಕೆಂಪು ಸರಿ ಕೂತರೆ ಉದ್ದ ಬಾಲ ತಪ್ಪುತ್ತದೆ, ಬಾಲ ಸರಿ ಮಾಡಿದರೆ ಕೆಂಪು ತಪ್ಪುತ್ತದೆ. ನಾನು ಹದಿನೈದು ನಿಮಿಷ ಜಗಳ ಮಾಡಿದ್ದೇನೆ. ಆ ಜಗಳ ಆದ ಮೇಲೆ ಕೈರಲ್, ಅಂದರೆ ತನ್ನ ಕನ್ನಡಿ ಬಿಂಬದ ಮೇಲೆ ಸರಿಯಾಗಿ ಕೂರದ್ದು, ಅನ್ನುವ ಪದದ ಅರ್ಥ ಬಾಯಿಪಾಠ ಮಾಡಬೇಕಾಗಲಿಲ್ಲ. ಒಂದು ಮಜಾ ಅಂದರೆ, ಈ ಎರಡನ್ನೂ ಒಟ್ಟಿಗೆ ಮಾಡಲು ಸರಿಯಾಗಿ 20 ಹೈಡ್ರೋಜನ್ ಬೇಕು. ಡಬ್ಬಿಯಲ್ಲಿ ಇರುವುದೂ ಇಪ್ಪತ್ತೇ.

ಆ ಇಪ್ಪತ್ತು ಹೆಚ್ಚು ದಿನ ಉಳಿಯಲಿಲ್ಲ. ಕಟಪಾಡಿಯಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಒಂದು ದಿನ ಬೆಳಿಗ್ಗೆ ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಅಂತ ಎಲ್ಲರನ್ನೂ ಮುಂದೆ ನೂಕುತ್ತಿದ್ದಾಗ ನನ್ನ ಬ್ಯಾಗಿನ ಜಿಪ್ ಬಿಟ್ಟುಕೊಂಡು ಡಬ್ಬಿ ಬಿತ್ತು. ಚೆಂಡುಗಳು ಸೀಟಿನ ಅಡಿಯಿಂದ ಡ್ರೈವರ್ ಹತ್ತಿರದವರೆಗೂ ಉರುಳಿಹೋದವು. "ಎಂತ ಮಾರಾಯ್ತಿ ಇದು, ಗೋಲಿಯಾ?" ಅಂದ ಕಂಡಕ್ಟರ್ ತಾನೇ ಬಗ್ಗಿ ಆರೇಳು ಹೆಕ್ಕಿಕೊಟ್ಟ. ಮನೆಗೆ ಬಂದು ಎಣಿಸಿದರೆ ಬಿಳಿ 15. ಅಂಗಡಿಗೆ ಫೋನ್ ಮಾಡಿದರೆ ಬಿಡಿ ಚೆಂಡು ಕೊಡುವುದಿಲ್ಲ, ಹೊಸ ಡಬ್ಬಿಯೇ ತಗೊಳ್ಳಬೇಕು ಅಂದರು. ಇದು ನನ್ನ ದೊಡ್ಡ ದೂರು. ಐದು ಚೆಂಡಿಗೆ 450 ರೂಪಾಯಿ ಯಾರು ಕೊಡುತ್ತಾರೆ?

ಒಂದು ವಾರ ಬೇಜಾರು ಮಾಡಿಕೊಂಡು, ಆಮೇಲೆ ಬಿಳಿ ಚೆಂಡು ಹಾಕುವುದನ್ನೇ ಬಿಟ್ಟೆ. ಕಡ್ಡಿಯ ಖಾಲಿ ತುದಿಯೇ ಹೈಡ್ರೋಜನ್ ಅಂತ ಇಟ್ಟುಕೊಂಡೆ. ಸ್ವಲ್ಪ ದಿನ ಕಳೆದು ಆ ಕಡ್ಡಿಯೂ ಬೇಡ ಅನ್ನಿಸಿತು, ಖಾಲಿ ತೂತು ಸಾಕು. ಅಷ್ಟರಲ್ಲಿ ಪುಸ್ತಕದ ಅಂಕುಡೊಂಕು ಗೆರೆಯ ಚಿತ್ರಗಳು, ಬಾಂಡ್-ಲೈನ್ ಅಂತಾರಲ್ಲ, ಅದನ್ನು ಸಲೀಸಾಗಿ ಓದುತ್ತಿದ್ದೆ. ಅಲ್ಲೂ ಹೈಡ್ರೋಜನ್ ಬರೆಯುವುದಿಲ್ಲ, ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಈಗ ಕಿಟ್ ನನಗೆ ತಪ್ಪು ಕಲಿಸಿದ ಕಥೆ. ಹ್ಯಾಲೋಆಲ್ಕೇನ್ ಪಾಠದಲ್ಲಿ ಎಸ್‌ಎನ್-2 ಬರುತ್ತದೆ, ಕಾರ್ಬನ್ನಿನಲ್ಲಿ ಇದ್ದ ಒಂದು ಗುಂಪು ಹೋಗಿ ಹೊಸದೊಂದು ಬಂದು ಕೂರುವ ಕ್ರಿಯೆ. ನಾನು 2-ಕ್ಲೋರೋಬ್ಯೂಟೇನ್ ಮಾಡಿ, ಹಸಿರು ಚೆಂಡು ಕಿತ್ತು, ಅದೇ ತೂತಿಗೆ ಕೆಂಪು ಹಾಕಿದೆ. ಎಷ್ಟು ಸುಲಭ ಅಂದುಕೊಂಡೆ. ಪ್ರಿಪರೇಟರಿಯಲ್ಲಿ ಹಾಗೇ ಚಿತ್ರ ಬರೆದೆ, ಮಾರ್ಕ್ ಹೋಯಿತು. ಯಾಕೆಂದರೆ ನಿಜದಲ್ಲಿ ಹೊಸಬ ಬರುವುದು ಹಿಂದಿನಿಂದ, ಕ್ಲೋರಿನ್ ಹೋಗುವ ದಿಕ್ಕಿನ ಎದುರು ಕಡೆಯಿಂದ. ಉಳಿದ ಮೂರು ಗುಂಪು ಗಾಳಿಗೆ ಕೊಡೆ ಮಗುಚಿದ ಹಾಗೆ ಮಗುಚಿಕೊಳ್ಳಬೇಕು. ಜುಲೈಯಲ್ಲಿ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪ್ಲಾಸ್ಟಿಕ್ ಚೆಂಡು ಮಗುಚುವುದಿಲ್ಲವಲ್ಲ! ಅದರ ತೂತು ಎಲ್ಲಿದೆಯೋ ಅಲ್ಲೇ. ಆಮೇಲೆ ಕಂಡುಕೊಂಡ ಉಪಾಯ ಇದು: ಕೆಂಪು ಹಾಕಿದ ಮೇಲೆ ಅದೇ ಕಾರ್ಬನ್ನಿನ ಯಾವುದಾದರೂ ಎರಡು ಗುಂಪನ್ನು ಅದಲು ಬದಲು ಮಾಡಿ. ಸರಿಯಾದ ಉತ್ತರ ಬರುತ್ತದೆ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆರು ಕಾರ್ಬನ್ನಿನ ಬಳೆಯಾದ ಬೆಂಜೀನ್‌ನಲ್ಲೂ ಹೀಗೇ. ಕಿಟ್‌ನಲ್ಲಿ ಮಾಡಿದರೆ ಒಂದು ಬಿಟ್ಟು ಒಂದು ಡಬಲ್ ಬಾಂಡ್ ಕಾಣುತ್ತದೆ. ನಿಜದಲ್ಲಿ ಆರೂ ಬಾಂಡ್ ಒಂದೇ ಉದ್ದ, 139 ಪಿಕೋಮೀಟರ್. ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಮಾಡಿ. ಅಂದಹಾಗೆ ಬಗ್ಗುವ ಕಡ್ಡಿಗಳು ಬಾಳಿಕೆ ಬರುವುದಿಲ್ಲ. ವರ್ಷದೊಳಗೆ ನಾಲ್ಕು ಮುರಿದವು, ಉಳಿದದ್ದು ಆರು. ಒಂದು ಬೆಂಜೀನ್‌ಗೆ ಬೇಕಾಗುವುದೂ ಆರೇ.

ಕೋಆರ್ಡಿನೇಷನ್ ಕಾಂಪೌಂಡ್ ಪಾಠಕ್ಕೆ, ಅಂದರೆ ಒಂದು ಲೋಹದ ಸುತ್ತ ಬೇರೆ ಗುಂಪುಗಳು ಕೂರುವ ಪಾಠಕ್ಕೆ, ಆರು ತೂತಿನ ಚೆಂಡು ಬೇಕು, ಈ ಡಬ್ಬಿಯಲ್ಲಿ ಅದಿಲ್ಲ. ನೀವು ಕೊಳ್ಳುವಾಗ ಮೊದಲು ಇದನ್ನೇ ಕೇಳಿ. ನಾನು ಸಣ್ಣ ಬಟಾಟೆ ತಗೊಂಡು ಹಿಡಿಸೂಡಿಯ (ಪೊರಕೆಯ) ಕಡ್ಡಿ ಆರು ಚುಚ್ಚಿದೆ, ಮೂರು ಕಡ್ಡಿಯ ತುದಿಗೆ ಕುಂಕುಮ ಹಚ್ಚಿದೆ. ಕುಂಕುಮದ ಮೂರೂ ಒಂದೇ ಮುಖದ ಮೂಲೆಗಳಲ್ಲಿ ಬಂದರೆ ಫೇಸಿಯಲ್, ನಡುವಿನಲ್ಲಿ ಸುತ್ತಿಕೊಂಡು ಬಂದರೆ ಮೆರಿಡಿಯೋನಲ್. ಅಮ್ಮ ಹಿಡಿಸೂಡಿ ಬೋಳಾಗುತ್ತಿದೆ ಅಂತ ಬೈದರು. ಬಟಾಟೆ ಮರುದಿನ ಪಲ್ಯ ಆಯಿತು. 450 ರೂಪಾಯಿಯ ಡಬ್ಬಿ ಮಾಡದ ಕೆಲಸವನ್ನು ಒಂದು ಬಟಾಟೆ ಮಾಡಿತು ಅಂತ ಇಲ್ಲಿ ದಾಖಲಾಗಿರಲಿ.

ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್, ಸೊಲ್ಯೂಷನ್ಸ್, ಇವಕ್ಕೆ ಕಿಟ್ ಸೊನ್ನೆ. ಅಲ್ಲಿ ಲೆಕ್ಕ ಮಾಡಿ ಮಾಡಿ ಕೈ ಪಳಗಬೇಕು ಅಷ್ಟೇ. 30 ಮಾರ್ಕಿನ ಪ್ರಾಕ್ಟಿಕಲ್‌ಗೂ ಇದರಿಂದ ಉಪಯೋಗ ಇಲ್ಲ. ಹಾಂ, ಡಬ್ಬಿಯ ಕಬ್ಬಿಣದ ಕೊಂಡಿ ನಮ್ಮ ಸಮುದ್ರದ ಗಾಳಿಗೆ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದು ಮುರಿಯಿತು, ಎಲೆಕ್ಟ್ರೋಕೆಮಿಸ್ಟ್ರಿಗೆ ಅದರ ಕೊಡುಗೆ ಅಷ್ಟೇ. ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ಮಳೆಗೆ ಕಾಲೇಜಿಗೆ ರಜೆ ಕೊಟ್ಟ ದಿನಗಳಲ್ಲಿ ಕರೆಂಟೂ ಇರುವುದಿಲ್ಲ, ಮೊಬೈಲಿನಲ್ಲಿ ಚಾರ್ಜೂ ಇರುವುದಿಲ್ಲ, ವೀಡಿಯೊ ಪಾಠ ಎಲ್ಲಿಂದ? ಆಗ ಜಗಲಿಯಲ್ಲಿ ಕೂತು ಗ್ಲೂಕೋಸ್ ಮಾಡಿದ್ದೇನೆ. ಆರು ಕಾರ್ಬನ್, ಆರು ಆಕ್ಸಿಜನ್, ಡಬ್ಬಿಯ ಕೆಂಪೆಲ್ಲ ಅದಕ್ಕೇ ಖರ್ಚು. ಗ್ಲೂಕೋಸ್‌ನ ಎರಡು ರೂಪ, ಆಲ್ಫಾ ಮತ್ತು ಬೀಟಾ, ಎರಡನ್ನೂ ಪಕ್ಕ ಪಕ್ಕ ಇಡಲು ಆಗುವುದಿಲ್ಲ, ಮೊದಲ ಕಾರ್ಬನ್ನಿನಲ್ಲಿ ಕಿತ್ತು ಬದಲಿಸಬೇಕು. ಬದಲಿಸುವಾಗಲೇ ಎರಡಕ್ಕೂ ಇರುವ ವ್ಯತ್ಯಾಸ ಅದೊಂದೇ ಅಂತ ಗೊತ್ತಾಗುವುದು.

ಸಿಇಟಿಯಲ್ಲಿ ಕೆಮಿಸ್ಟ್ರಿಗೆ 80 ನಿಮಿಷಕ್ಕೆ 60 ಪ್ರಶ್ನೆ. ಕಿಟ್ ಒಳಗೆ ಬಿಡುವುದಿಲ್ಲ, ನಿಜ. ನಾನು ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಅಗಲಿಸಿ, ಮುಂಗೈಯನ್ನು ನಾಲ್ಕನೇ ಬಾಂಡ್ ಅಂತ ಇಟ್ಟುಕೊಂಡು ತಿರುಗಿಸಿ ನೋಡಿದೆ. ಮೇಲ್ವಿಚಾರಕಿ ಎರಡು ಸಲ ನನ್ನನ್ನೇ ನೋಡಿದರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಬ್ಬರೇ ಕೊಳ್ಳುವುದಕ್ಕಿಂತ ಮೂವರು ಗೆಳತಿಯರು ಸೇರಿ ಕೊಂಡರೆ ನಾಲ್ಕು.

ಕಿಟ್ ಈಗ ಮಣಿಪಾಲದಲ್ಲಿ ಚಿಕ್ಕಮ್ಮನ ಮಗಳ ಹತ್ತಿರ ಉಂಟು. ಮೊನ್ನೆ ಫೋನ್ ಮಾಡಿದ್ದಳು. "ಅಕ್ಕ, ಕೆಂಪು ಐದೇ ಉಂಟಲ್ಲ, ಗ್ಲೂಕೋಸ್ ಮಾಡುವುದು ಹೇಗೆ?" ನನ್ನ ಹಳೆ ಬ್ಯಾಗು ಕೊಡವಿ ನೋಡಿದೆ, ಅಡಿಯಲ್ಲಿ ಒಂದು ಕೆಂಪು ಸಿಕ್ಕಿತು, ಜೊತೆಗೆ ಎರಡು ಬಿಳಿ. ಶನಿವಾರ ಹೋಗುವಾಗ ತಗೊಂಡು ಹೋಗಬೇಕು.