ರೈಸ್ ಮಿಲ್ ಧೂಳಿನಲ್ಲಿ ಎಂ18 ಪ್ರಾಕ್ಸಿಮಿಟಿ ಸೆನ್ಸರ್: ಹಲವು ಸುಗ್ಗಿ ಬಳಸಿದ ಮೇಲೆ

ಮಂಡ್ಯದ ನಮ್ಮ ರೈಸ್ ಮಿಲ್ಲಿನಲ್ಲಿ ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಭತ್ತ ಮೇಲೆತ್ತುವ ಬಕೆಟ್ ಎಲಿವೇಟರ್‌ಗಳ ಕೆಳಗಿನ ಶಾಫ್ಟ್‌ಗೆ ಈ ಇಂಡಕ್ಟಿವ್ ಸೆನ್ಸರ್ (ಮುಟ್ಟದೆಯೇ ಹತ್ತಿರದ ಲೋಹ ಗುರುತಿಸುವಂಥದ್ದು; ಎಂ18 ಅಂದರೆ 18 ಎಂಎಂ ಥ್ರೆಡ್ ಇರುವ ಮೈ) ಕೂರಿಸಿ ಹಲವು ಸುಗ್ಗಿ ಕಳೆದಿವೆ. ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಡಿದದ್ದು ಕೇಬಲ್ಲಿಗೆ.

ಶಾಫ್ಟ್ ಜೊತೆ ತಿರುಗುವ ಬೋಲ್ಟಿನ ತಲೆ ಎದುರು ಬಂದಾಗಲೆಲ್ಲ ಒಂದು ಪಲ್ಸ್ ಕೊಡುವುದಷ್ಟೇ ಇದರ ಕೆಲಸ. ಭತ್ತ ಕಟ್ಟಿಕೊಂಡು ಬೆಲ್ಟ್ ಜಾರಿದರೆ ಮೇಲಿನ ಪುಲ್ಲಿ ಓಡುತ್ತಲೇ ಇರುತ್ತದೆ, ಕೆಳಗಿನದು ನಿಧಾನವಾಗುತ್ತದೆ. ಪಲ್ಸ್ ತಡವಾದ ಕೂಡಲೇ ಪ್ಯಾನೆಲ್ ಮೋಟರ್ ನಿಲ್ಲಿಸುತ್ತದೆ. ಜಾರುವ ಬೆಲ್ಟ್ ಉಜ್ಜಿ ಕಾದರೆ ಧೂಳಿಗೆ ಬೆಂಕಿ ಹತ್ತಬಹುದು, ಹಾಗಾಗಿ ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಧೂಳು ಸ್ಫೋಟದ ಅಪಾಯವಿದೆ ಎಂದು ಗುರುತಿಸಿದ ಜಾಗಕ್ಕಂತೂ ಅದಕ್ಕೆಂದೇ ಪ್ರಮಾಣಪತ್ರವಿರುವ ಮಾದರಿಯನ್ನೇ ಹಾಕಬೇಕು.

ಮೊದಲಿದ್ದ, ಬೆಳಕಿನಿಂದ ಕೆಲಸ ಮಾಡುವ ಫೋಟೋ ಸೆನ್ಸರ್ ಮುಖಕ್ಕೆ ತೌಡು ಕೂತರೆ ಮುಗಿಯಿತು, ಒರೆಸುವವರೆಗೂ ಕುರುಡು. ಇದಕ್ಕೆ ಆ ಕಾಟವಿಲ್ಲ. ಒಳಗಿನ ಕಾಯಿಲ್ ತನ್ನೆದುರು ಹೈ ಫ್ರೀಕ್ವೆನ್ಸಿ ಕಾಂತಕ್ಷೇತ್ರ ಎಬ್ಬಿಸುತ್ತದೆ. ಲೋಹ ಹತ್ತಿರ ಬಂದರೆ ಅದರೊಳಗೆ ಸುಳಿಯಂತೆ ಸುತ್ತುವ ಎಡ್ಡಿ ಕರೆಂಟ್ ಹುಟ್ಟಿ ಆ ಕ್ಷೇತ್ರದ ಶಕ್ತಿಯನ್ನು ಹೀರುತ್ತದೆ, ಕಾಯಿಲ್ ನಡೆಸುವ ಆಸಿಲೇಟರ್‌ನ ಕಂಪನ ಕುಗ್ಗುತ್ತದೆ, ಔಟ್‌ಪುಟ್ ಬದಲಾಗುತ್ತದೆ. ಒಣ ತೌಡು, ಹೊಟ್ಟಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದ್ದರಿಂದ ಸೆನ್ಸರ್‌ಗೆ ಅವು ಇದ್ದರೂ ಇಲ್ಲದಂತೆ. ಏನೂ ಮುಟ್ಟುವುದಿಲ್ಲವಾದ್ದರಿಂದ ಸವೆತವೂ ಇಲ್ಲ. 1958ರಲ್ಲಿ ಜರ್ಮನಿಯ ಪೆಪ್ಪರ್ಲ್ ಪ್ಲಸ್ ಫುಕ್ಸ್ ಮಾಡಿದ ಮೊದಲ ಸೆನ್ಸರ್ ಹುಟ್ಟಿದ್ದೂ ರಾಸಾಯನಿಕ ಕಾರ್ಖಾನೆಯಲ್ಲಿ ಕೆಡುತ್ತಿದ್ದ ಕಾಂಟ್ಯಾಕ್ಟ್‌ಗಳ ಬದಲಿಗೇ.

ಕೊಳ್ಳುವವರು ಇದನ್ನು ಗಮನಿಸಿ. ಎಷ್ಟು ದೂರದ ಲೋಹ ಹಿಡಿಯುತ್ತದೆ ಎಂದು ಡಬ್ಬದ ಮೇಲೆ ಬರೆದ 8 ಎಂಎಂ ಅನ್ನುವುದು ಮೈಲ್ಡ್ ಸ್ಟೀಲ್‌ಗೆ ಮಾತ್ರ. ಹಿತ್ತಾಳೆ, ಅಲ್ಯೂಮಿನಿಯಂ ಆದರೆ ಸುಮಾರು ಅರ್ಧಕ್ಕೆ, ಕೆಲವು ಸಲ ಅದಕ್ಕೂ ಕೆಳಗೆ ಇಳಿಯುತ್ತದೆ. ಸ್ಟೀಲ್‌ಗೂ ಖಾತ್ರಿ ದೂರ ಶೇ 81, ಅಂದರೆ ಸುಮಾರು 6.5 ಎಂಎಂ. ಶಾಫ್ಟಿನ ಅಲುಗಾಟ ನೋಡಿ ನಾವು 5ಕ್ಕೆ ಇಟ್ಟಿದ್ದೇವೆ. ಈ 8 ಎಂಎಂ ಮಾದರಿಯ ತಲೆ ಬ್ರಾಕೆಟ್‌ನಿಂದ ಹೊರಗೆ ಚಾಚಿರಲೇಬೇಕು, ಇಲ್ಲದಿದ್ದರೆ ಬ್ರಾಕೆಟ್ಟಿನ ಕಬ್ಬಿಣವನ್ನೇ ಹಿಡಿದು ಸದಾ ಆನ್ ಆಗಿರುತ್ತದೆ. ಔಟ್‌ಪುಟ್ ಪ್ಲಸ್ ಕೊಡುವ ಪಿಎನ್‌ಪಿಯೋ ಮೈನಸ್‌ಗೆ ಎಳೆಯುವ ಎನ್‌ಪಿಎನ್ನೋ, ನಿಮ್ಮ ಪ್ಯಾನೆಲ್ ನೋಡಿ ತನ್ನಿ.

ಇನ್ನು ಕೇಬಲ್. ಮಿಲ್ಲಿನಲ್ಲಿ ಇಲಿ ಇಲ್ಲದೆ ಇರುತ್ತದೆಯೇ? ಸೆನ್ಸರ್ ಜೊತೆಗೇ ಅಚ್ಚು ಹಾಕಿದ ಕೇಬಲ್ಲನ್ನು ಬುಡದಲ್ಲೇ ಕಡಿದರೆ ಜಾಯಿಂಟ್ ಹಾಕಲೂ ಜಾಗವಿರುವುದಿಲ್ಲ, ಚೆನ್ನಾಗಿರುವ ಸೆನ್ಸರನ್ನೇ ಬಿಸಾಡಬೇಕು. ಸ್ವಲ್ಪ ದುಡ್ಡು ಹೆಚ್ಚಾದರೂ ಕೇಬಲ್ ಬಿಚ್ಚಿ ಬದಲಿಸಬಹುದಾದ ಎಂ12 ಕನೆಕ್ಟರ್ ಇರುವುದನ್ನೇ ಕೇಳಿ, ಕೇಬಲ್ಲಿಗೆ ಕಬ್ಬಿಣದ ಫ್ಲೆಕ್ಸಿಬಲ್ ಪೈಪ್ ತೊಡಿಸಿ.