ಇಎಸ್‌ಐ, ಅಂಗವಿಕಲರ ಮಾಸಾಶನ: ಒಂದೇ ಮನೆತನದಲ್ಲಿ ಎರಡನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ. ಸಂಬಳದಲ್ಲಿ ಸುಮ್ನೆ ಮುರಿದುಕೊಳ್ಳುತ್ತಾರೆ ಅಂತ ಬೈಯುವವರಲ್ಲಿ ನಮ್ಮ ಮನೆಯವರೂ ಒಬ್ಬರಾಗಿದ್ದರು. ಕಾಲು ಮುರಿದ ಮೇಲೆ ಆ ಮಾತು ನಿಂತಿದೆ.

ಅವರು ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಲೇಥ್ ನಡೆಸುತ್ತಾರೆ. ಅವರ ತಂಗಿ, ಅಂದರೆ ನನ್ನ ನಾದಿನಿಗೆ, ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು. ಅಂಗವೈಕಲ್ಯ ಶೇ. 75ಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಇದೆ, ತಿಂಗಳಿಗೆ 1,400 ರೂಪಾಯಿ ಮಾಸಾಶನ. ಸವದತ್ತಿ ತಾಲೂಕಿನ ಊರಲ್ಲಿದ್ದ ಅತ್ತೆ ತೀರಿಕೊಂಡ ವರ್ಷವೇ ಇವರ ಕಾಲೂ ಮುರಿಯಿತು. ಮನೆಯ ಲೆಕ್ಕವೆಲ್ಲ ಏರುಪೇರಾದಾಗ ಎರಡು ಯೋಜನೆಗಳೂ ಹೇಗೆ ನಡೆದುಕೊಳ್ಳುತ್ತವೆ ಅಂತ ಎದುರುಬದುರು ಇಟ್ಟು ನೋಡುವ ಹಾಗಾಯಿತು.

ಇಎಸ್‌ಐ ನನಗೆ ಯಾಕೆ ಇಷ್ಟ ಅಂದರೆ, ಅದು ಮನೆಯಲ್ಲಿ ಯಾರಿದ್ದಾರೆ, ಯಾರು ಹೋದರು ಅಂತ ಕೇಳಲೇ ಇಲ್ಲ. ಕೇಳಿದ್ದು ಒಂದೇ, ಈ ಮನುಷ್ಯ ಕಂತು ಕಟ್ಟಿದ್ದಾನಾ? ಇವರ ಸಂಬಳ 18,000. ಅದರಲ್ಲಿ ಶೇ. 0.75, ಅಂದರೆ 135 ರೂಪಾಯಿ ಇವರದು. ಮಾಲೀಕರು ಶೇ. 3.25 ಹಾಕುತ್ತಾರೆ. ಕಾಯಿಲೆ ಬಿದ್ದರೆ ದಿನಗೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ನಮಗೆ ದಿನಕ್ಕೆ 420ರ ಹತ್ತಿರ ಬಂತು. ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಡಾಕ್ಟರ ಸರ್ಟಿಫಿಕೇಟ್ ತಪ್ಪದೆ ಹೋಗುತ್ತಿರಬೇಕು. ಅಷ್ಟೇ.

ಕಂತಿನ ಲೆಕ್ಕ ಮಾತ್ರ ಸ್ವಲ್ಪ ತಿಳಿದುಕೊಳ್ಳಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ಗೆ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ಕಂತು ಬಿದ್ದಿರಬೇಕು. ಇವರು ಜುಲೈನಲ್ಲಿ ಶಾಪ್ ಬದಲಿಸಿದ್ದರು, ಬಿದ್ದದ್ದು ಫೆಬ್ರವರಿಯಲ್ಲಿ. ಹೊಸ ಶಾಪಿನಲ್ಲೂ ಹಳೆಯ ವಿಮಾ ನಂಬರನ್ನೇ ಕೊಟ್ಟಿದ್ದರಿಂದ ಎರಡೂ ಕಡೆಯ ದಿನಗಳು ಕೂಡಿಕೊಂಡವು. ಕೆಲಸ ಬದಲಿಸುವವರು ಇದೊಂದನ್ನು ಮರೆಯಬೇಡಿ.

ಇನ್ನೊಂದು ವಿಷಯ. ಇವರು ಬಿದ್ದದ್ದು ಭಾನುವಾರ, ಊರೊಳಗಿನ 'ಶನಿವಾರ ಖೂಟ' ಅನ್ನುವ ಜಾಗಕ್ಕೆ ಹೋಗುವಾಗ. ಅದೇ ಕೆಲಸದ ದಿನ, ಡ್ಯೂಟಿಗೆ ಹೋಗುವ ದಾರಿಯಲ್ಲಿ ಮೂರನೇ ರೈಲ್ವೆ ಗೇಟಿನ ಹತ್ತಿರ ಬಿದ್ದಿದ್ದರೆ ಅದು ಕೆಲಸದ ಅಪಘಾತ ಅಂತ ಲೆಕ್ಕಕ್ಕೆ ಬರುತ್ತಿತ್ತು. ಆಗ ಶೇ. 70 ಅಲ್ಲ, 90 ಸಿಗುತ್ತಿತ್ತು. 78 ದಿನದ ಷರತ್ತೂ ಇರುತ್ತಿರಲಿಲ್ಲ. ಬೀಳುವುದಕ್ಕೂ ದಿನ ನೋಡಿ ಬೀಳಬೇಕು ಅಂತ ಇವರು ಈಗಲೂ ನಗುತ್ತಾರೆ.

ಇನ್ನು ಮಾಸಾಶನ. ನನ್ನ ತಲೆ ತಿಂದದ್ದು ಇದೇ.

ಊರಲ್ಲಿ ರೇಷನ್ ಕಾರ್ಡು ಅತ್ತೆಯ ಹೆಸರಲ್ಲಿತ್ತು, ಜೊತೆಗೆ ನಾದಿನಿ. ಅತ್ತೆ ಹೋದ ಮೇಲೆ ಅವರ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನದ 1,200, ಗೃಹಲಕ್ಷ್ಮಿಯ 2,000 ಎರಡೂ ನಿಂತವು, ಅದು ಸರಿಯೇ. ನಾದಿನಿ ಒಬ್ಬಳೇ ಅಲ್ಲಿರುವುದು ಆಗದ ಮಾತು. ವಡಗಾಂವಿನಲ್ಲಿ ನಾವಿರುವ ವಠಾರದಲ್ಲೇ ಒಂದು ಕೋಣೆ ಖಾಲಿ ಇತ್ತು, ಅಲ್ಲಿಗೆ ಕರೆದುಕೊಂಡು ಬಂದೆವು. ಅರ್ಜಿ ತುಂಬುವ ಅಂಗಡಿಯ ಹುಡುಗ, 'ಅಕ್ಕಾರ, ನಿಮ್ಮ ಕಾರ್ಡಿಗೇ ಅವರ ಹೆಸರು ಹಾಕಿಬಿಡ್ರಿ, ಮುಗೀತು' ಅಂದ.

ಹಾಕಿದ್ದರೆ ನಿಜವಾಗಿಯೂ ಮುಗಿದೇ ಹೋಗುತ್ತಿತ್ತು. ಮಾಸಾಶನಕ್ಕೆ ಕುಟುಂಬದ ವರ್ಷದ ಆದಾಯ 32,000 ಮೀರಬಾರದು. ನಮ್ಮವರ ಸಂಬಳ ವರ್ಷಕ್ಕೆ 2,16,000. ಬಿಪಿಎಲ್ ಕಾರ್ಡಿನ ಮಿತಿ 1,20,000, ಅದನ್ನೂ ನಾವು ದಾಟಿದವರು. ನಾದಿನಿ ನಮ್ಮ ಕಾರ್ಡಿಗೆ ಬಂದ ದಿನವೇ ಕಾಗದದ ಮೇಲೆ ಅವಳು ಅನುಕೂಲಸ್ಥೆ! ಕಾಲು ಮೊದಲಿನ ಹಾಗೇ ಇದೆ, ಕೈಗೆ ಬರುವ ದುಡ್ಡೂ ಅಷ್ಟೇ, ಆದರೂ 1,400 ಇಲ್ಲ, ಅಕ್ಕಿಯೂ ಇಲ್ಲ. ಅಣ್ಣ ದುಡಿಯುತ್ತಾನೆ ಅನ್ನುವುದೇ ಅವಳ ಆದಾಯ ಆಗಿಬಿಡುತ್ತದೆ. ಅಣ್ಣನಿಗೆ ಮೂರು ಹೊತ್ತು ಊಟ ಹಾಕುವ ಮನಸ್ಸಿದೆ, ಸರಿ. ಆದರೆ ತನ್ನ ಮಾತ್ರೆಗೆ, ತನ್ನ ಸೀರೆಗೆ ಅಣ್ಣನ ಮುಂದೆ ಕೈಚಾಚುವುದು ಅವಳಿಗೆ ಬೇಡ. ಈ ಲೆಕ್ಕ ಯಾವ ಫಾರ್ಮಿನಲ್ಲೂ ಇಲ್ಲ.

ಅಂಗವಿಕಲರಿಗಾಗಿ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು. ಊರಿನ ಕಾರ್ಯಕರ್ತೆಗೆ ಫೋನ್ ಮಾಡಿದ್ದೇ ಒಳ್ಳೆಯದಾಯಿತು. 'ಕೂಡಿಸಬ್ಯಾಡ್ರಿ. ಮೊದಲು ಮರಣ ಪತ್ರ ಕೊಟ್ಟು ಅವ್ವಾರ ಹೆಸರು ತೆಗಸ್ರಿ. ಕಾರ್ಡು ಈಕಿ ಹೆಸರಿಗೇ ಆಗ್ತದ' ಅಂದರು. ಕಾರ್ಡಿನಲ್ಲಿರುವ 18 ದಾಟಿದ ಹಿರಿಯ ಹೆಣ್ಣುಮಗಳೇ ಮನೆಯ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ಕಾರ್ಡು ಅವಳ ಹೆಸರಿಗಾದ ಮೇಲೆ ವಿಳಾಸ ಬದಲಾವಣೆ, ಆಮೇಲೆ ಅವಳೊಬ್ಬಳ ಆದಾಯ ಪ್ರಮಾಣಪತ್ರ. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿಂದ.

ಆಮೇಲೆ ಮಾಸಾಶನದ ಪರಿಶೀಲನೆಗೆ ಅಂತ ಸರ್ಕಾರದ ಕಡೆಯವರು ಸ್ಥಳ ನೋಡಲು ಬಂದರು. ಬಂದವರು ಅವಳ ಕಾಲಿನ ಕಡೆ ನೋಡಲೂ ಇಲ್ಲ, ಸರ್ಟಿಫಿಕೇಟೂ ಕೇಳಲಿಲ್ಲ. ನೇರ ಒಲೆಯ ಕಡೆ ನೋಡಿ, 'ಅಡಿಗಿ ಒಂದ ಕಡೆನೋ, ಬ್ಯಾರೆ ಬ್ಯಾರೆನೋ?' ಅಂದರು. ನಾನು ಬಾಯಿ ತೆಗೆಯುವ ಮೊದಲೇ ನಾದಿನಿ, 'ನಂದು ನಾ ಮಾಡ್ಕೋತೀನ್ರಿ' ಅಂದಳು. ಅದು ನಿಜವೇ. ಅವಳ ಕೋಣೆ, ಅವಳ ಒಲೆ, ಅವಳ ಬಾಡಿಗೆ. ಸೀರೆ ಸೆರಗಿಗೆ ಗೊಂಡೆ ಕಟ್ಟಿ ಒಂದಿಷ್ಟು ಗಳಿಸುತ್ತಾಳೆ, ವರ್ಷಕ್ಕೆ 32,000 ಎಲ್ಲಿಂದ ಬರಬೇಕು? ಹಬ್ಬಕ್ಕೆ ಹೋಳಿಗೆ ನಮ್ಮಲ್ಲೇ. ಹೋಳಿಗೆ ತಿಂದರೆ ಒಂದೇ ಕುಟುಂಬ ಆಗುತ್ತದಾ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಅವರೂ ನೌಕರಿ ಮಾಡುವವರು.

ಇಷ್ಟಾಗುವಷ್ಟರಲ್ಲಿ ಕೆಲವು ತಿಂಗಳ ಹಣ ನಿಂತಿತ್ತು. ಮತ್ತೆ ಶುರುವಾದಾಗ ಅದು ಅವಳು ಬಳಸದೇ ಬಿಟ್ಟಿದ್ದ ಹಳೆಯ ಖಾತೆಗೆ ಹೋಗಿ ಕೂತಿತ್ತು, ಆಧಾರ್ ಜೋಡಣೆ ಅದಕ್ಕೇ ಇತ್ತು.

ನಾಳೆ ನಿಜವಾಗಿಯೂ ಒಂದೇ ಒಲೆಯಾದರೆ ಹೇಳಲೇಬೇಕು, ಮಾಸಾಶನ ಹೋಗುತ್ತದೆ. ಮುಚ್ಚಿಟ್ಟರೆ ಇವತ್ತಲ್ಲ ನಾಳೆ ಪರಿಶೀಲನೆಯಲ್ಲಿ ಗೊತ್ತಾಗುತ್ತದೆ. ಒಲೆ ಬೇರೆ ಇಟ್ಟುಕೊಳ್ಳುವುದಕ್ಕೂ ಖರ್ಚಿದೆ, ಸಿಲಿಂಡರ್, ಕೋಣೆ ಬಾಡಿಗೆ. ಬರೀ ದುಡ್ಡಿನ ಲೆಕ್ಕದಲ್ಲಿ ನೋಡಿದರೆ ದೊಡ್ಡ ಲಾಭವೇನಿಲ್ಲ.

ಇಎಸ್‌ಐನಲ್ಲೂ ಕೊರತೆ ಇದೆ. ಅತ್ತೆ ಇದ್ದಾಗ ಅವರ ಔಷಧಿ ಅದರಲ್ಲೇ ನಡೆಯುತ್ತಿತ್ತು, ಯಾಕೆಂದರೆ ಎಲ್ಲ ಮೂಲದಿಂದ ಸೇರಿ ತಿಂಗಳ ಆದಾಯ 9,000 ಮೀರದ ತಂದೆತಾಯಿ ಅವಲಂಬಿತರ ಪಟ್ಟಿಯಲ್ಲಿ ಬರುತ್ತಾರೆ. ವಯಸ್ಸಿಗೆ ಬಂದ ಅಂಗವಿಕಲ ತಂಗಿ ಬರುವುದಿಲ್ಲ. ಮಾಸಾಶನ ಕೊಡುವಾಗ ಅಣ್ಣನ ಸಂಬಳವನ್ನು ಅವಳ ಲೆಕ್ಕಕ್ಕೆ ಹಿಡಿಯಲು ನೋಡುತ್ತಾರೆ, ಅಣ್ಣನ ಇಎಸ್‌ಐ ಕೊಡುವಾಗ ಅವಳು ಯಾರೋ. ಇದಕ್ಕೆ ಏನನ್ನಬೇಕು?

ಎಲ್ಲರಿಗೂ ಇಎಸ್‌ಐ ಸಿಗುವುದೂ ಇಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಇಲ್ಲ. ನಮ್ಮ ಓಣಿಯ ಎರಡು ಮಗ್ಗ, ನಾಲ್ಕು ಮಗ್ಗದ ಮನೆಗಳೆಲ್ಲ ಅದರಿಂದ ಹೊರಗೆ. ಹಂಗಾಮಿನಲ್ಲಿ ಮಾತ್ರ ನಡೆಯುವ ಕಾರ್ಖಾನೆಗಳನ್ನೂ ಕಾಯ್ದೆ ಬಿಟ್ಟಿದೆ, ಅದರಲ್ಲಿ ಸಕ್ಕರೆ ಕಾರ್ಖಾನೆ ಸೇರುತ್ತದೆ. ನಮ್ಮ ಜಿಲ್ಲೆಯಲ್ಲಿ, ಅತ್ತ ಬಾಗಲಕೋಟೆ ಕಡೆ ಎಷ್ಟು ಜನ ಕಬ್ಬಿನ ಹಂಗಾಮಿಗೇ ದುಡಿಯುತ್ತಾರೆ, ನೀವೇ ನೋಡಿ. ಸಂಬಳ 21,000 ದಾಟಿದವರಿಗೂ ಇಲ್ಲ. ಅಂಗವಿಕಲ ನೌಕರರಿಗೆ ಈ ಮಿತಿ 25,000.

ಬ್ಯಾಂಕಿನ 20 ರೂಪಾಯಿಯ ಸುರಕ್ಷಾ ಬಿಮಾ ಇಬ್ಬರಿಗೂ ಮಾಡಿಸಿದ್ದೇವೆ. ಅಪಘಾತದಲ್ಲಿ ಸತ್ತರೆ ಅಥವಾ ಕಾಯಂ ಅಂಗ ಹೋದರೆ ಮಾತ್ರ ಅದು. ಕೂಡಿಕೊಳ್ಳುವ ಮೂಳೆಗೆ ಅದರಲ್ಲಿ ಏನೂ ಇಲ್ಲ. ಆಯುಷ್ಮಾನ್ ಕಾರ್ಡು ಆಸ್ಪತ್ರೆ ಬಿಲ್ಲಿಗೆ, ಮನೆ ಬಾಡಿಗೆಗೆ ಅಲ್ಲ.

ನಮ್ಮದು ತಿಂಗಳ ಐದಕ್ಕೆ ಬಾಡಿಗೆ ಕೊಟ್ಟು ಇಪ್ಪತ್ತಕ್ಕೆ ಕೈ ಖಾಲಿಯಾಗುವ ಸಂಸಾರ, ಉಳಿತಾಯ ನಮಗೆ ಒಗ್ಗಲೇ ಇಲ್ಲ. ಮೊನ್ನೆ ಇವರನ್ನು ಒಂದು ಸಣ್ಣ ಶೆಡ್ಡಿನವರು ಕರೆದರು. ಏಳೇ ಜನ, ಹಾಗಾಗಿ ಇಎಸ್‌ಐ ಇಲ್ಲ. ಎರಡು ಸಾವಿರ ಜಾಸ್ತಿ, ಎಲ್ಲ ಕೈಯಲ್ಲೇ. ನಾನು ಬೇಡ ಅಂದೆ. ಇವರೂ ಎರಡು ದಿನ ಯೋಚನೆ ಮಾಡಿ ಬೇಡ ಅಂದರು.

ನಾದಿನಿ ಮಾತ್ರ ನನ್ನ ತೀರ್ಪು ಒಪ್ಪುವುದಿಲ್ಲ. 'ವೈನಿ, ನಿಮ್ಮ ಇಎಸ್‌ಐ ಅಣ್ಣನ ಕೆಲಸ ಇರೋತನಕ. ನಂದು ನಾ ಇರೋತನಕ' ಅನ್ನುತ್ತಾಳೆ. ಈಗ ಯಜಮಾನಿ ಅವಳೇ ಆದ್ದರಿಂದ ಗೃಹಲಕ್ಷ್ಮಿಗೂ ಅರ್ಜಿ ಹಾಕುವುದಿದೆ. ಈ ಸಲ ಹಳೆಯ ಖಾತೆಯ ಆಧಾರ್ ಜೋಡಣೆ ತೆಗೆಸಿಯೇ ಹಾಕುತ್ತೇವೆ.