ಅಲಾಸ್ಕಾದ ಜೂನೋದಲ್ಲಿ ತಿಮಿಂಗಿಲ ನೋಡಲು ಹಡಗಿನವರ ದೊಡ್ಡ ಬೋಟಾ, ಹೊರಗಿನ ಸಣ್ಣ ದೋಣಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಣ್ಣ ದೋಣಿಗೆ.

ಅಲಾಸ್ಕಾ ಕ್ರೂಸಿಗೆ ಎರಡು ಸಲ ಹೋಗಿದ್ದೇವೆ. ಎರಡು ಸಲವೂ ಹಡಗು ಜೂನೋದಲ್ಲಿ ನಿಂತಾಗ ಹಂಪ್‌ಬ್ಯಾಕ್ ತಿಮಿಂಗಿಲ ನೋಡಲು ಹೊರಟೆವು. ಮೊದಲ ಸಲ ಹಡಗಿನಲ್ಲೇ ಬುಕ್ ಮಾಡಿದ ಎರಡಂತಸ್ತಿನ ಬೋಟು, 100ಕ್ಕೂ ಜಾಸ್ತಿ ಜನ. ಎರಡನೇ ಸಲ ನಾವೇ ಹುಡುಕಿಕೊಂಡ 14 ಜನರ ದೋಣಿ. ಎರಡೂ ಹೊರಡುವುದು ಆಕ್ ಬೇ ಅನ್ನುವ ದೋಣಿಕಟ್ಟೆಯಿಂದಲೇ. ಹಡಗುಕಟ್ಟೆಯಿಂದ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆ.

ದೊಡ್ಡ ಬೋಟಿನಲ್ಲಿ ನನಗಾದ ಕಾಟ ಒಂದೇ, ಆದರೆ ಅದೇ ಸಾಕಾಯಿತು. ಕ್ಯಾಪ್ಟನ್ ಮೈಕಿನಲ್ಲಿ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ಬೋಟಿನ ಮೂತಿ 12 ಗಂಟೆ, ಬಲಗಡೆ 3, ಎಡಗಡೆ 9. 'ಮೂರು' ಅಂದ ಕೂಡಲೇ ಬೋಟಿಗೆ ಬೋಟೇ ಬಲಕ್ಕೆ ಓಡುತ್ತದೆ. ತಿಮಿಂಗಿಲ ಕೆಲವು ಸಲ ಉಸಿರು ಬಿಟ್ಟು, ಬಾಲ ಎತ್ತಿ ಮುಳುಗುತ್ತದೆ. ಆ ಬಾಲ ನೋಡಲೆಂದೇ ದುಡ್ಡು ಕೊಟ್ಟಿರುತ್ತೇವೆ ಅಲ್ವಾ? ಅದರ ಅಡಿಯ ಕಪ್ಪು ಬಿಳುಪು ಗುರುತು ಒಂದರದ್ದು ಇನ್ನೊಂದಕ್ಕಿರುವುದಿಲ್ಲ. ಇದು ಯಾವ ತಿಮಿಂಗಿಲ ಅಂತ ಕಂಡುಹಿಡಿಯುವುದೇ ಅದರಿಂದ. ನಾನು ಕಂಬಿ ಹತ್ತಿರ ಜಾಗ ಹುಡುಕುವಷ್ಟರಲ್ಲಿ ಬಾಲ ನೀರೊಳಗೆ.

ಮತ್ತೆ ಐದೋ ಹತ್ತೋ ನಿಮಿಷ ಕಾಯಬೇಕು. ಬುದ್ಧಿವಂತನ ಹಾಗೆ ಬಲಗಡೆಯ ಕಂಬಿ ಹಿಡಿದು ಅಲ್ಲೇ ನಿಂತೆ. ಅದು ಎಡಗಡೆ ಎದ್ದಿತು. ಮೇಲಿನ ಡೆಕ್ಕಿನಲ್ಲೂ ಇದೇ ಕಥೆ, ಜೊತೆಗೆ ಮಳೆ. ಒಳಗೆ ಕೂತರೆ ಗಾಜೆಲ್ಲ ಹಬೆ. ಮನೆಗೆ ಬಂದು ಫೋಟೋ ನೋಡಿದರೆ ಅರ್ಧಕ್ಕರ್ಧ ಯಾರ್ಯಾರದೋ ರೇನ್‌ಕೋಟಿನ ಟೋಪಿಗಳು. ಅವನ್ನು ಅಳಿಸಲು ಹೆಂಡತಿ ಇನ್ನೂ ಬಿಟ್ಟಿಲ್ಲ.

ಸಣ್ಣ ದೋಣಿ ಇನ್ನೂ ಹತ್ತಿರ ಹೋಗುತ್ತದೆ ಅನ್ನುವುದು ಸುಳ್ಳು. ಹಂಪ್‌ಬ್ಯಾಕ್‌ನಿಂದ 100 ಗಜ, ಅಂದರೆ ಸುಮಾರು 91 ಮೀಟರ್ ದೂರವಿರಬೇಕು ಅನ್ನುವ ನಿಯಮ ಎರಡಕ್ಕೂ ಒಂದೇ. ಆದರೆ ಸಣ್ಣದರಲ್ಲಿ ನೀರಿನ ಮಟ್ಟದಲ್ಲೇ ಇರುತ್ತೀರಿ. ಎರಡು ಹೆಜ್ಜೆ ಇಟ್ಟರೆ ಆ ಕಡೆಯ ಕಂಬಿ. ಎಂಜಿನ್ ನಿಲ್ಲಿಸಿದಾಗ ಅದರ ಉಸಿರು ಬುಸ್ಸೆಂದು ಕೇಳಿಸಿತು. ಗಾಳಿ ತಿರುಗಿದಾಗ ವಾಸನೆಯೂ ಬಂತು, ಕೊಳೆತ ಮೀನಿನ ಹಾಗೆ. ಚಳಿಗಾಲದಲ್ಲಿ ಹವಾಯಿ ಕಡೆ ಹೆಚ್ಚುಕಡಿಮೆ ಉಪವಾಸವಿದ್ದು, ಬೇಸಿಗೆಯಲ್ಲಿ ಮೀನು ತಿನ್ನಲೆಂದೇ ಇಷ್ಟು ದೂರ ಬರುವ ಪ್ರಾಣಿ. ಉಸಿರು ಇನ್ನು ಹೇಗಿರಬೇಕು?

ಸೀ ಲಯನ್, ಬಿಳಿತಲೆಯ ಹದ್ದು ಎರಡೂ ಸಲ ಸಿಕ್ಕವು.

ನಾವಾಗಿ ಹೋಗುವುದರಲ್ಲಿ ಭಯ ಒಂದಿದೆ. ಹಡಗಿನವರ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನಮಗಾಗಿ ಕಾಯುವುದಿಲ್ಲ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗು ತಪ್ಪಿದರೆ ವಿಮಾನ, ಇಲ್ಲವೇ ಫೆರ್ರಿ. ಅದಕ್ಕೇ ಬೆಳಗಿನ ಟ್ರಿಪ್ಪನ್ನೇ ಹಿಡಿದೆ. ಹಡಗಿನ ಗಡಿಯಾರ, ಊರಿನ ಗಡಿಯಾರ ಒಂದೇನಾ ಅಂತ ಎರಡು ಸಲ ಕೇಳಿಕೊಂಡೆ.

ಸಣ್ಣದಕ್ಕೆ ದುಡ್ಡು ಜಾಸ್ತಿ ಬಿತ್ತು. ಉಳಿದ ಊರುಗಳಲ್ಲಿ ಯಾವ ಟೂರೂ ಬೇಡ ಅಂತ ಸುಮ್ನೆ ನಡೆದಾಡಿದೆವು, ಲೆಕ್ಕ ಸರಿಹೋಯಿತು. ನಮಗೆ ನಡೆಯುವುದು ಹೇಗೂ ಇಷ್ಟ.

ಅಲೆಗೆ ಹೊಟ್ಟೆ ತೊಳಸುವವರಿಗೆ, ಮಂಡಿ ನೋವಿನವರಿಗೆ ದೊಡ್ಡದೇ ಸರಿ. ಅಷ್ಟೊಂದು ಕುಲುಕುವುದಿಲ್ಲ, ಟಾಯ್ಲೆಟ್ಟಿಗೆ ಹೋಗಲು ಸರ್ಕಸ್ ಮಾಡಬೇಕಿಲ್ಲ. ಅಮ್ಮನನ್ನು ಕರೆದುಕೊಂಡು ಹೋದರೆ ನಾನೂ ಅದನ್ನೇ ಹತ್ತುತ್ತೇನೆ, ಗಾಜು ಒರೆಸಲು ಒಂದು ಬಟ್ಟೆ ಬ್ಯಾಗಿನಲ್ಲಿಟ್ಟುಕೊಂಡು.